ಏಳು ರಾತ್ರಿ ಸಮುದ್ರದ ಮೇಲೆ: ಮಗು, ಅಜ್ಜಿಯ ಜೊತೆ ಅಟ್ಲಾಂಟಿಕ್ ದಾಟುವಾಗ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು?

ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಸುಮಾರು 8 ಗಂಟೆ. ಅದೇ ದಾರಿಗೆ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಹಡಗು ಹತ್ತಿದರೆ 7 ರಾತ್ರಿ ಬೇಕು. ಇಷ್ಟು ವ್ಯತ್ಯಾಸವಿದ್ದೂ ಹಡಗಿನಲ್ಲೇ ಹೋಗುವವರು ಇದ್ದಾರೆ. ವಿಮಾನದ ಭಯ ಇರುವವರು, ಸಾಕುನಾಯಿಯನ್ನು ಬಿಟ್ಟು ಹೋಗಲಾರದವರು, ಇಡೀ ಮನೆಯ ಸಾಮಾನು ಕಟ್ಟಿಕೊಂಡು ಊರು ಬದಲಿಸುವವರು, ಜೀವನದಲ್ಲಿ ಒಮ್ಮೆ ಸಾಗರ ದಾಟಿ ನೋಡೋಣ ಎನ್ನುವವರು.

ಬ್ರಿಟನ್‌ನಲ್ಲಿರುವ ಒಂದು ಕನ್ನಡ ಕುಟುಂಬ ಇಂಥದೇ ಪ್ರಯಾಣಕ್ಕೆ ಹೊರಟಿದೆ. ಗಂಡನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದೆ, ಶಾಲೆಗೆ ರಜೆ ಬಿದ್ದ ಮೇಲೆ ಜುಲೈ ಕೊನೆಯಲ್ಲಿ ಹಡಗು. ಜೊತೆಗೆ 6 ವರ್ಷದ ಮಗಳು, ಕಾರಿನಲ್ಲಿ ಅರ್ಧ ಗಂಟೆ ಕೂತರೆ ವಾಂತಿ. 68 ವರ್ಷದ ಅಜ್ಜಿಗೆ ಬಿ.ಪಿ. ಮಾತ್ರೆಯೂ ಇದೆ, ಗ್ಲಾಕೋಮಾಕ್ಕೆ ಕಣ್ಣಿನ ಹನಿಯೂ ಇದೆ. ಪ್ರಯಾಣದ ಸುದ್ದಿ ತಿಳಿದದ್ದೇ ತಡ, ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಸಲಹೆಗಳ ಮಳೆ ಸುರಿಯಿತು. ಅವನ್ನೆಲ್ಲ ಆ ಮನೆಯ ಸೊಸೆ ನಮಗೆ ಕಳಿಸಿ, "ಇದರಲ್ಲಿ ನಿಜ ಯಾವುದು, ಸುಳ್ಳು ಯಾವುದು?" ಎಂದು ಕೇಳಿದರು. ಹೆಚ್ಚಿನವು ನಿರುಪದ್ರವಿ. ಒಂದು ಮಾತ್ರ ಅಪಾಯಕಾರಿ. ಅದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇವೆ.

ಮೊದಲಿಗೆ, ಇದು ಎಂಥ ಹಡಗು?

ಈ ದಾರಿಯಲ್ಲಿ ವೇಳಾಪಟ್ಟಿ ಹಾಕಿಕೊಂಡು ನಿಯಮಿತವಾಗಿ ಓಡುವ ದೊಡ್ಡ ಪ್ರಯಾಣಿಕ ಹಡಗು ಈಗ ಒಂದೇ, ಕ್ವೀನ್ ಮೇರಿ 2. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಇದು 2004ರ ಜನವರಿಯಲ್ಲಿ ಮೊದಲ ಪ್ರಯಾಣ ಹೊರಟಿತು. ಉದ್ದ 345 ಮೀಟರ್, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ನಾಲ್ಕೈದು ನಿಮಿಷ ಬೇಕು. ಸುಮಾರು 2,700 ಪ್ರಯಾಣಿಕರು ಹಿಡಿಯುತ್ತಾರೆ. ಒಳಗೆ ಈಜುಕೊಳ, ಗ್ರಂಥಾಲಯ, ತಾರಾಲಯ, ನಾಯಿ-ಬೆಕ್ಕುಗಳಿಗೆ ಗೂಡು ಎಲ್ಲ ಇವೆ. ಜನರ ಬಾಯಲ್ಲಿ ಇದೂ "ಕ್ರೂಸ್ ಹಡಗು". ಕಟ್ಟುವವರ ಲೆಕ್ಕದಲ್ಲಿ ಮಾತ್ರ ಇದು "ಓಷನ್ ಲೈನರ್".

ಕ್ರೂಸ್ ಹಡಗಿಗೆ ಪ್ರಯಾಣವೇ ವಿಹಾರ. ಬಿಸಿಲಿರುವ ಕಡೆ, ದ್ವೀಪದಿಂದ ದ್ವೀಪಕ್ಕೆ ಅದು ಸುತ್ತುತ್ತದೆ; ಹವಾಮಾನ ಕೆಟ್ಟರೆ ದಾರಿ ಬದಲಿಸಿಕೊಳ್ಳುತ್ತದೆ. ಲೈನರ್‌ಗೆ ಆ ಸ್ವಾತಂತ್ರ್ಯ ಕಡಿಮೆ. ಇಂಥ ದಿನ ಆ ದಡ ಸೇರಲೇಬೇಕು ಎಂಬ ಲೆಕ್ಕದಲ್ಲಿ, ಒರಟು ಉತ್ತರ ಅಟ್ಲಾಂಟಿಕ್‌ಗೆಂದೇ ಅದನ್ನು ಕಟ್ಟುತ್ತಾರೆ. ಹಾಗಾಗಿ ಮೂತಿ ಉದ್ದ ಮತ್ತು ಚೂಪು, ಉಕ್ಕಿನ ತಗಡು ಹೆಚ್ಚು ದಪ್ಪ, ವೇಗ ಹೆಚ್ಚು. ಬೇಕಾದರೆ 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಇದು ಓಡಬಲ್ಲದು. ಸಾಮಾನ್ಯ ಕ್ರೂಸ್ ಹಡಗುಗಳೂ ವಸಂತ ಮತ್ತು ಶರತ್ಕಾಲದಲ್ಲಿ ಮೆಡಿಟರೇನಿಯನ್-ಕೆರಿಬಿಯನ್ ನಡುವೆ ಜಾಗ ಬದಲಿಸುವಾಗ ಅಟ್ಲಾಂಟಿಕ್ ದಾಟುತ್ತವೆ. ಅವೂ ಸುರಕ್ಷಿತವೇ, ಆದರೆ ಒರಟು ಸಮುದ್ರದಲ್ಲಿ ಒಳಗಿರುವವರಿಗೆ ಆಗುವ ಅನುಭವ ಬೇರೆ.

ಕುಟುಂಬಕ್ಕೆ ಬಂದ ಒಂದು ಸಂದೇಶದಲ್ಲಿ "ಈ ಹಡಗಿನ ತೂಕ ಒಂದೂವರೆ ಲಕ್ಷ ಟನ್" ಎಂದಿತ್ತು. ಇದು ಪತ್ರಿಕೆಗಳಲ್ಲೂ ಕಾಣುವ ತಪ್ಪು. ಸುಮಾರು 1,49,000 ಎಂಬುದು ಹಡಗಿನ "ಗ್ರಾಸ್ ಟನ್ನೇಜ್". ಅದು ತೂಕವಲ್ಲ, ಒಳಗಿನ ಒಟ್ಟು ಜಾಗದ ಅಳತೆ. ಹಿಂದೆ ಯುರೋಪಿನಲ್ಲಿ ಹಡಗಿಗೆ ಎಷ್ಟು ಪೀಪಾಯಿ ವೈನ್ ಹಿಡಿಯುತ್ತದೆ ಎಂದು ಎಣಿಸುತ್ತಿದ್ದರು. ಆ ಪೀಪಾಯಿಯ ಹೆಸರಿನಿಂದಲೇ ಟನ್ ಎಂಬ ಪದ ಬಂದಿದೆ. ಹಡಗಿನ ನಿಜವಾದ ತೂಕ 80 ಸಾವಿರ ಟನ್‌ನ ಆಸುಪಾಸು. ಅಷ್ಟೇ ತೂಕದ ನೀರನ್ನು ಅದು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸ್ ಹೇಳಿದ್ದೂ ಇದನ್ನೇ, ಮಲ್ಪೆಯ ದೋಣಿ ತೇಲುವುದೂ ಇದರಿಂದಲೇ.

"ನೀರಿನೊಳಗೆ 10 ಮೀಟರ್, ಮೇಲೆ 62 ಮೀಟರ್. ಮಗುಚುವುದಿಲ್ಲವೇ?"

ಅಜ್ಜಿಯ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ. ಫೋಟೋ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ತಂಜಾವೂರಿನ ಗೊಂಬೆ ನೆನಪಿಸಿಕೊಳ್ಳಿ. ಎಷ್ಟು ತಳ್ಳಿದರೂ ತಾನೇ ಎದ್ದು ಕೂರುತ್ತದೆ, ಏಕೆಂದರೆ ಭಾರವೆಲ್ಲ ಬುಡದಲ್ಲಿದೆ. ಹಡಗಿನಲ್ಲೂ ಡೀಸೆಲ್ ಎಂಜಿನ್, ಇಂಧನ, ನೀರಿನ ತೊಟ್ಟಿಗಳಂಥ ಭಾರದ ವಸ್ತುಗಳು ತಳದಲ್ಲಿರುತ್ತವೆ. ಎತ್ತರದಲ್ಲಿ ಕಾಣುವ ಕೋಣೆಗಳ ಸಾಲು ಬಹುಪಾಲು ಗಾಳಿ. ಜೊತೆಗೆ, ಹಡಗು ಒಂದು ಕಡೆ ವಾಲಿದಾಗ ಆ ಬದಿಯ ಒಡಲು ನೀರಿನಲ್ಲಿ ಹೆಚ್ಚು ಮುಳುಗುತ್ತದೆ, ಹಾಗಾಗಿ ನೀರು ಆ ಬದಿಯನ್ನೇ ಹೆಚ್ಚು ಬಲದಿಂದ ಮೇಲಕ್ಕೆ ಎತ್ತುತ್ತದೆ. ವಾಲಿದ್ದು ನೆಟ್ಟಗಾಗುತ್ತದೆ.

ಹಾಗಾದರೆ ಭಾರವನ್ನು ಇನ್ನೂ ಕೆಳಗಿಟ್ಟರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಬುಡ ತೀರಾ ಭಾರವಾದರೆ ಹಡಗು ಗೊಂಬೆಯಂತೆಯೇ ಪಟಕ್ಕನೆ ಎದ್ದು ನಿಲ್ಲುತ್ತದೆ. ಒಳಗಿರುವವರಿಗೆ ಆ ಎಳೆತವೇ ಹಿಂಸೆ, ಬಟ್ಟಲು-ತಟ್ಟೆಗಳಿಗೂ ಕೂಡ. ಆದ್ದರಿಂದ ಪ್ರಯಾಣಿಕ ಹಡಗುಗಳನ್ನು ಬೇಕೆಂದೇ ನಿಧಾನಕ್ಕೆ ಓಲಾಡುವಂತೆ ಕಟ್ಟುತ್ತಾರೆ. "ಹಡಗು ತುಂಬಾ ಹೊತ್ತು ವಾಲಿಕೊಂಡೇ ಇತ್ತು" ಎಂದು ಗಾಬರಿಯಾಗುವವರು ನೋಡುತ್ತಿರುವುದು ದೋಷವನ್ನಲ್ಲ.

ಇದರ ಮೇಲೆ ಸ್ಟೆಬಿಲೈಸರ್ ಎಂಬ ರೆಕ್ಕೆಗಳಿವೆ. ನೀರಿನ ಮಟ್ಟದ ಕೆಳಗೆ ಮೀನಿನ ಈಜುರೆಕ್ಕೆಯಂತೆ ಹೊರಚಾಚಿ, ಹಡಗು ಎಡಕ್ಕೆ ವಾಲಿದರೆ ಬಲಕ್ಕೆ, ಬಲಕ್ಕೆ ವಾಲಿದರೆ ಎಡಕ್ಕೆ ತಳ್ಳುತ್ತವೆ, ಬೇಡದಾಗ ಮಡಚಿಕೊಳ್ಳುತ್ತವೆ. ಈ ಹಡಗಿಗೆ ಅಂಥ ಎರಡು ಜೋಡಿ ಇವೆ. "ಸ್ಟೆಬಿಲೈಸರ್ ಇದೆ, ಅಲುಗಾಟವೇ ಇಲ್ಲ" ಎಂಬ ಜಾಹೀರಾತಿನ ಮಾತನ್ನು ಮಾತ್ರ ಅರ್ಧ ನಂಬಿ. ಅಡ್ಡ ಓಲಾಟವನ್ನು ಅವು ಚೆನ್ನಾಗಿ ತಗ್ಗಿಸುತ್ತವೆ. ಅಲೆಗೆ ಎದುರಾಗಿ ಹೋಗುವಾಗ ಮೂತಿ ಏಳುವುದು-ಬೀಳುವುದು ಇದೆಯಲ್ಲ, ಅದನ್ನು ಹೆಚ್ಚೇನೂ ತಡೆಯಲಾರವು.

ದೈತ್ಯ ಅಲೆಗಳ ವಿಡಿಯೋ ಕೂಡ ಅವರಿಗೆ ಬಂದಿದೆ. ಗೋಡೆಯಂತೆ ಒಮ್ಮೆಲೇ ಎದ್ದು ನಿಲ್ಲುವ ಅಲೆಗಳನ್ನು ಬಹುಕಾಲ ನಾವಿಕರ ಕಟ್ಟುಕಥೆ ಎಂದೇ ತಿಳಿಯಲಾಗಿತ್ತು. 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ಅನಿಲ ವೇದಿಕೆಯ ಉಪಕರಣ 25.6 ಮೀಟರ್ ಎತ್ತರದ ಅಲೆಯನ್ನು ದಾಖಲಿಸಿದ ಮೇಲೆ ಆ ಮಾತು ನಿಂತಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲೂಯಿಸ್ ಚಂಡಮಾರುತದ ನಡುವೆ ಇದೇ ಕಂಪನಿಯ ಹಿಂದಿನ ಲೈನರ್ ಕ್ವೀನ್ ಎಲಿಜಬೆತ್ 2ಕ್ಕೆ ಸುಮಾರು 29 ಮೀಟರ್‌ನ ಅಲೆ ಎದುರಾಯಿತು. ಅದನ್ನು ಎದುರಿಸಿ ಹಡಗು ನ್ಯೂಯಾರ್ಕ್ ತಲುಪಿತು. ಇಂಥ ಅಲೆಗಳು ನಿಜ, ಅಪರೂಪ. ವಾಟ್ಸಾಪ್ ವಿಡಿಯೋಗಳಲ್ಲಿ ಹಲವು ಕಂಪ್ಯೂಟರ್‌ನಲ್ಲಿ ಮಾಡಿದವು.

ಸಮುದ್ರಕ್ಕೂ ಆಗುಂಬೆ ಘಾಟಿಗೂ ಒಂದೇ ಕಾಯಿಲೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕೂತವರಿಗೆಲ್ಲ ಇದು ಗೊತ್ತು. ಮೊದಲು ಆಕಳಿಕೆ, ಬಾಯಲ್ಲಿ ನೀರು, ಮೈಯೆಲ್ಲ ತಣ್ಣನೆಯ ಬೆವರು, ಆಮೇಲೆ ಹೊಟ್ಟೆ ತೊಳಸು. ಹೊಟ್ಟೆ ಕೆಟ್ಟಿದೆ ಅಂದುಕೊಳ್ಳುತ್ತೇವೆ, ಆದರೆ ಹೊಟ್ಟೆಯದೇನೂ ತಪ್ಪಿಲ್ಲ. ಜಗಳ ಶುರುವಾಗುವುದು ಕಿವಿಯಲ್ಲಿ.

ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ತಲೆ ತಿರುಗಿದ್ದನ್ನು ಇವು ಗುರುತಿಸುತ್ತವೆ. ಪಕ್ಕದಲ್ಲೇ ಸುಣ್ಣದ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ಮೇಲೆ-ಕೆಳಗೆ, ಹಿಂದೆ-ಮುಂದೆ ಸಾಗಿದ್ದನ್ನು ಅವು ಹೇಳುತ್ತವೆ. ಕಿಟಕಿಯಿಲ್ಲದ ಕ್ಯಾಬಿನ್‌ನಲ್ಲಿ ಕೂತಾಗ ಕಣ್ಣು "ಗೋಡೆ ಅಲುಗಾಡುತ್ತಿಲ್ಲ" ಎನ್ನುತ್ತದೆ, ಕಿವಿ "ಏಳುತ್ತಿದ್ದೇವೆ, ಬೀಳುತ್ತಿದ್ದೇವೆ" ಎನ್ನುತ್ತದೆ. ಎರಡೂ ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ಇದಕ್ಕೆ ವಾಂತಿಯೇ ಉತ್ತರ ಏಕೆ? ಕಣ್ಣು-ಕಿವಿ ಹೊಂದಾಣಿಕೆ ತಪ್ಪುವುದು ವಿಷ ಸೇವಿಸಿದಾಗ, ಆದ್ದರಿಂದ ಮಿದುಳು ವಿಷ ಹೊರಹಾಕಲು ನೋಡುತ್ತದೆ ಎಂದು 1977ರಲ್ಲಿ ಟ್ರೈಸ್‌ಮನ್ ಎಂಬ ವಿಜ್ಞಾನಿ ಊಹಿಸಿದರು. ಆಕರ್ಷಕ ಊಹೆ, ಎಲ್ಲರೂ ಒಪ್ಪಿಲ್ಲ.

ಕಿವಿಯೇ ಮೂಲ ಎಂಬುದಕ್ಕೆ ಮಾತ್ರ ಗಟ್ಟಿ ಸಾಕ್ಷಿ ಇದೆ, ರಂಜನೆಯದೂ ಹೌದು. ಬಾಹ್ಯಾಕಾಶ ಯಾನಕ್ಕೆ ಸಿದ್ಧತೆ ನಡೆಯುತ್ತಿದ್ದ ಕಾಲದಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ ಸಂಶೋಧಕರು ವಾಷಿಂಗ್ಟನ್‌ನ ಗ್ಯಾಲಡೆಟ್ ಕಾಲೇಜಿನ 11 ಮಂದಿ ಕಿವುಡರ ಸಹಾಯ ಪಡೆದರು. ಇವರಲ್ಲಿ ಹೆಚ್ಚಿನವರಿಗೆ ಮೆದುಳುಪೊರೆಯ ಸೋಂಕಿನಿಂದ ಶ್ರವಣದ ಜೊತೆ ಒಳಕಿವಿಯ ಸಮತೋಲನದ ಶಕ್ತಿಯೂ ಹೋಗಿತ್ತು. ಕೆನಡಾದ ನೋವಾ ಸ್ಕೋಷಿಯಾ ಬಳಿ ಒರಟು ಸಮುದ್ರದಲ್ಲಿ ಅವರನ್ನು ದೋಣಿ ಹತ್ತಿಸಲಾಯಿತು. ಅವರು ಆರಾಮಾಗಿ ಇಸ್ಪೀಟು ಆಡುತ್ತಾ ಕೂತರು. ವಾಂತಿ ಮಾಡಿ ಮಾಡಿ ಸುಸ್ತಾದ ಸಂಶೋಧಕರು ಪ್ರಯೋಗವನ್ನೇ ರದ್ದು ಮಾಡಬೇಕಾಯಿತು.

ಎಲ್ಲ ಅಲುಗಾಟವೂ ಒಂದೇ ಅಲ್ಲ. ಸುಮಾರು 5 ಸೆಕೆಂಡಿಗೊಮ್ಮೆ ಏರಿ ಇಳಿಯುವ ಚಲನೆ ಅತಿ ಹೆಚ್ಚು ವಾಕರಿಕೆ ತರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಸಣ್ಣ ದೋಣಿಗಳು ಈ ಲಯಕ್ಕೆ ಹತ್ತಿರ. ದೊಡ್ಡ ಹಡಗಿನ ಏರಿಳಿತ ಇದಕ್ಕಿಂತ ನಿಧಾನ. ದೋಣಿಯಲ್ಲಿ ಒದ್ದಾಡಿದವರು ಇಂಥ ಹಡಗಿನಲ್ಲಿ ಊಟ ಮಾಡಿ ನಿದ್ದೆ ಹೋಗುವುದು ಇದರಿಂದಲೇ.

ಎಲ್ಲ ವಯಸ್ಸೂ ಒಂದೇ ಅಲ್ಲ. 2 ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೆಚ್ಚಾಗಿ, 12 ದಾಟಿದ ಮೇಲೆ ಇಳಿಯುತ್ತಾ ಹೋಗುತ್ತದೆ. ಹೆಂಗಸರಲ್ಲಿ, ಮೈಗ್ರೇನ್ ತಲೆನೋವು ಇರುವವರಲ್ಲಿ ತುಸು ಹೆಚ್ಚು. ಹಾಗಾಗಿ ಈ ಕುಟುಂಬ ಚಿಂತಿಸಬೇಕಾದದ್ದು ಅಜ್ಜಿಗಿಂತ ಮೊಮ್ಮಗಳ ಬಗ್ಗೆ. ಎರಡು-ಮೂರು ದಿನಗಳಲ್ಲಿ ಹೆಚ್ಚಿನವರ ಮಿದುಳು ಹೊಸ ಲಯಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದು ಸಮಾಧಾನ. ಎಲ್ಲರದ್ದೂ ಅಲ್ಲ: ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಸುತ್ತಿದರೂ ಕೊನೆಯವರೆಗೂ ಒದ್ದಾಡಿದರು.

ನಿಂಬೆಹಣ್ಣು, ಪೇಪರ್, ಶುಂಠಿ, ಖಾಲಿ ಹೊಟ್ಟೆ

ಸೀಟಿನ ಮೇಲೆ ನ್ಯೂಸ್‌ಪೇಪರ್ ಹಾಸಿ ಕೂರುವ ಉಪಾಯ ನಮ್ಮ ಬಸ್ಸುಗಳಿಂದ ಈಗ ಹಡಗಿಗೂ ಹೊರಟಿದೆ. ಕಾಗದಕ್ಕೂ ಒಳಕಿವಿಗೂ ಯಾವ ಸಂಬಂಧವೂ ಇಲ್ಲ. ನಿಂಬೆಹಣ್ಣು ಮೂಸುವುದರಿಂದ ಡೀಸೆಲ್ ವಾಸನೆ ಮರೆಯಾಗುತ್ತದೆ, ಅಷ್ಟೇ. ಅಜ್ಜಿ ಇಟ್ಟುಕೊಳ್ಳಲಿ, ನಷ್ಟವಿಲ್ಲ. ಶುಂಠಿಯ ಬಗ್ಗೆ 1988ರಲ್ಲಿ ಡೆನ್ಮಾರ್ಕಿನ ನೌಕಾ ಕೆಡೆಟ್‌ಗಳ ಮೇಲೆ ನಡೆದ ಪ್ರಯೋಗದಲ್ಲಿ ವಾಂತಿ ಕಡಿಮೆಯಾದದ್ದು ಕಂಡಿತು, ಬೇರೆ ಕೆಲವು ಪ್ರಯೋಗಗಳಲ್ಲಿ ಹಾಗೆ ಕಾಣಲಿಲ್ಲ. ಮಣಿಕಟ್ಟಿಗೆ ಕಟ್ಟುವ ಗುಂಡಿ ಪಟ್ಟಿಯೂ ಪರೀಕ್ಷೆಗಳಲ್ಲಿ ಸ್ಥಿರ ಫಲ ಕೊಟ್ಟಿಲ್ಲ.

ಹಾಗೆಂದು "ಅದೆಲ್ಲ ಸುಳ್ಳು" ಎಂದು ಮಗುವಿನ ಮುಂದೆ ಭಾಷಣ ಮಾಡಬೇಡಿ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಸ್ರೇಲಿನ ನೌಕಾ ಕೆಡೆಟ್‌ಗಳ ಒಂದು ಗುಂಪಿಗೆ, ನಿಮಗೆ ಸಮುದ್ರ ಕಾಯಿಲೆ ಬರುವ ಸಂಭವ ಕಡಿಮೆ, ಬಂದರೂ ನಿಭಾಯಿಸಬಲ್ಲಿರಿ ಎಂದು ಮೊದಲೇ ಧೈರ್ಯ ತುಂಬಲಾಯಿತು. ಉಳಿದವರಿಗಿಂತ ಅವರಿಗೆ ಕಾಯಿಲೆ ಕಡಿಮೆಯಾಯಿತು. ದಾರಿಯುದ್ದಕ್ಕೂ "ವಾಂತಿ ಬರ್ತಿದೆಯಾ ಪುಟ್ಟಿ? ಬರ್ತಿದೆಯಾ?" ಎಂದು ಕೇಳುತ್ತಿದ್ದರೆ ಬರದ ವಾಂತಿಯೂ ಬಂದೀತು.

ಖಾಲಿ ಹೊಟ್ಟೆಯಲ್ಲಿರಬೇಕು ಎಂಬುದು ತಪ್ಪು. ಸಪ್ಪೆಯಾಗಿ, ಸ್ವಲ್ಪ ಸ್ವಲ್ಪವೇ ತಿನ್ನಬೇಕು. ಬ್ರೆಡ್ಡು, ಮೊಸರನ್ನ, ಬಿಸ್ಕತ್ತು ಸಾಕು. ಮದ್ಯ ಒಳಕಿವಿಯ ಲೆಕ್ಕವನ್ನೇ ಕೆಡಿಸುತ್ತದೆ, ಅದು ಬೇಡ. ಎಲ್ಲಕ್ಕಿಂತ ಫಲ ಕೊಡುವುದು ಕಣ್ಣು-ಕಿವಿಯ ಜಗಳ ಬಿಡಿಸುವುದು. ಹೊರಗೆ ಬಂದು ಸಮುದ್ರ-ಆಕಾಶ ಸೇರುವ ಗೆರೆಯನ್ನು ನೋಡಿದರೆ ಕಣ್ಣೂ ಕಿವಿಯೂ ಒಂದೇ ಮಾತಾಡುತ್ತವೆ. ಅದು ಆಗದಿದ್ದರೆ ಅಂಗಾತ ಮಲಗಿ ಕಣ್ಣು ಮುಚ್ಚಿ. ಮಗುವನ್ನು ಸುಮ್ಮನಿರಿಸಲು ಕೈಗೆ ಮೊಬೈಲ್ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಕ್ಯಾಬಿನ್ ಆರಿಸುವಾಗಲೂ ಇದೇ ಲೆಕ್ಕ. ಪಾರ್ಕಿನ ಸೀಸಾದಲ್ಲಿ ತುದಿಗಳು ಏರಿಳಿಯುತ್ತವೆ, ನಡುಭಾಗ ಅಲುಗುವುದೇ ಇಲ್ಲ. ಹಡಗಿನ ಮಧ್ಯದ, ಕೆಳ ಅಂತಸ್ತಿನ ಕೋಣೆಯಲ್ಲಿ ಅಲುಗಾಟ ಅತಿ ಕಡಿಮೆ. ಮೇಲಿನ ಅಂತಸ್ತಿನ, ಮುಂದಿನ ತುದಿಯ ದುಬಾರಿ ಕೋಣೆಗೆ ಹಣ ಕೊಟ್ಟವರು ಅಲುಗಾಟವನ್ನೂ ಕೊಂಡ ಹಾಗೆ.

ಕಿವಿಯ ಹಿಂದಿನ ಪಟ್ಟಿ: ಇಲ್ಲಿ ಮಾತ್ರ ಎಚ್ಚರ

ನಮ್ಮನ್ನು ಬೆಚ್ಚಿಸಿದ ಸಂದೇಶ ಇದು: "ಕಿವಿಯ ಹಿಂದೆ ಅಂಟಿಸುವ ಪಟ್ಟಿ ಸಿಗುತ್ತದೆ. ದೊಡ್ಡವರಿಗೆ ಒಂದು, ಮಕ್ಕಳಿಗೆ ಅರ್ಧ ಕತ್ತರಿಸಿ ಹಾಕಿ. ಮಾತ್ರೆಯಲ್ಲವಾದ್ದರಿಂದ ಸೈಡ್ ಎಫೆಕ್ಟ್ ಇಲ್ಲ."

ಈ ಪಟ್ಟಿಯಲ್ಲಿರುವುದು ಸ್ಕೋಪೊಲಮಿನ್ ಎಂಬ ಔಷಧ. ಬ್ರಿಟನ್‌ನಲ್ಲಿ ಹಯೋಸಿನ್ ಎನ್ನುತ್ತಾರೆ. ಸಮುದ್ರ ಕಾಯಿಲೆಗೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಒಂದು ಪಟ್ಟಿ ಚರ್ಮದ ಮೂಲಕ 3 ದಿನ ಔಷಧವನ್ನು ಸ್ವಲ್ಪಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ. ಮಾತ್ರೆಯಾಗಲಿ ಪಟ್ಟಿಯಾಗಲಿ, ರಕ್ತ ಸೇರಿದ ಮೇಲೆ ಔಷಧ ಔಷಧವೇ. ಬಾಯಿ ಒಣಗುವುದು, ತೂಕಡಿಕೆ, ಕಣ್ಣು ಮಂಜಾಗುವುದು ಸಾಮಾನ್ಯ.

ಅಜ್ಜಿಯ ವಿಷಯ: ಈ ಔಷಧ ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತದೆ. ಗ್ಲಾಕೋಮಾದಲ್ಲಿ, ಅದರಲ್ಲೂ ಕಣ್ಣಿನೊಳಗಿನ ದ್ರವ ಹೊರಹೋಗುವ ಕೋನ ಕಿರಿದಾಗಿರುವ ಬಗೆಯಲ್ಲಿ, ಪಾಪೆ ಹಿಗ್ಗಿದರೆ ಆ ದಾರಿ ಮುಚ್ಚಿ ಒತ್ತಡ ಏಕಾಏಕಿ ಏರಬಹುದು. ದೃಷ್ಟಿಯೇ ಹೋಗಬಹುದಾದ ತುರ್ತು ಸ್ಥಿತಿ ಅದು. ಅಂಥವರು ಇದನ್ನು ಬಳಸಲೇಬಾರದು ಎಂದು ಔಷಧದ ಚೀಟಿಯಲ್ಲೇ ಇದೆ. ಅಜ್ಜಿಗೆ ಇರುವುದು ಯಾವ ಬಗೆಯ ಗ್ಲಾಕೋಮಾ ಎಂದು ಅವರ ಕಣ್ಣಿನ ವೈದ್ಯರು ಮಾತ್ರ ಹೇಳಬಲ್ಲರು. ಇದಲ್ಲದೆ ವಯಸ್ಸಾದವರಲ್ಲಿ ಈ ಔಷಧ ಮಂಕು, ಇಲ್ಲದ್ದನ್ನು ಕಾಣುವಂಥ ಗೊಂದಲ ತರಬಹುದು. ಪ್ರಾಸ್ಟೇಟ್ ಊದಿರುವ ಗಂಡಸರಿಗೆ ಮೂತ್ರ ಕಟ್ಟಬಹುದು.

ಮಗುವಿನ ವಿಷಯ: ಅಮೆರಿಕದಲ್ಲಿ ಈ ಪಟ್ಟಿಗೆ ಮಕ್ಕಳಲ್ಲಿ ಅನುಮೋದನೆಯೇ ಇಲ್ಲ, ಬ್ರಿಟನ್‌ನಲ್ಲಿ 10 ವರ್ಷದ ಮೇಲೆ ಮಾತ್ರ. ದೇಹದ ಉಷ್ಣಾಂಶ ಅಪಾಯಕರವಾಗಿ ಏರಿದ ಪ್ರಕರಣಗಳು ಬಂದ ಮೇಲೆ 2025ರ ಜೂನ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಪಟ್ಟಿಯ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹೆಚ್ಚಿನ ಪ್ರಕರಣಗಳು 17 ಮತ್ತು ಅದಕ್ಕಿಂತ ಕೆಳಗಿನ ವಯಸ್ಸಿನವರಲ್ಲಿ ಹಾಗೂ 60 ದಾಟಿದವರಲ್ಲಿ ಕಂಡಿದ್ದವು. ಅಂದರೆ ಈ ಕುಟುಂಬದ ಅಜ್ಜಿ-ಮೊಮ್ಮಗಳು ಇಬ್ಬರೂ ಆ ಸಾಲಿನಲ್ಲೇ ಬರುತ್ತಾರೆ. ಇನ್ನು ಕತ್ತರಿಸುವುದಂತೂ ಸಲ್ಲ. ಔಷಧ ಬಿಡುಗಡೆಯಾಗುವ ವೇಗವನ್ನು ಪಟ್ಟಿಯ ರಚನೆಯೇ ಹಿಡಿದಿಡುತ್ತದೆ. ಅದನ್ನು ಕತ್ತರಿಸಿದಾಗ ಮಗುವಿಗೆ ಹೋಗುವುದು "ಅರ್ಧ ಡೋಸ್" ಎಂದು ಯಾರೂ ಖಾತರಿ ಕೊಡಲಾರರು. ಪಟ್ಟಿ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೂ ಪಾಪೆ ಹಿಗ್ಗುತ್ತದೆ. ದೊಡ್ಡವರು ಹಾಕಿಕೊಂಡರೂ ಸೋಪಿನಲ್ಲಿ ಕೈ ತೊಳೆಯಲೇಬೇಕು.

ಹಾಗಾದರೆ ಮಗುವಿಗೆ ಏನು? ಸಿನ್ನಾರಿಜಿನ್ ಎಂಬ ಹಳೆಯ ಔಷಧವನ್ನು ಬ್ರಿಟನ್‌ನಲ್ಲಿ 5 ವರ್ಷ ಮೇಲ್ಪಟ್ಟ ಮಕ್ಕಳಿಗೂ ಕೊಡಬಹುದು. ಪ್ರಮಾಣವನ್ನು ಫಾರ್ಮಸಿಸ್ಟ್ ಅಥವಾ ವೈದ್ಯರನ್ನು ಕೇಳಿಯೇ ಕೊಡಬೇಕು. ಅದು ಅಮೆರಿಕದಲ್ಲಿ ಸಿಗುವುದಿಲ್ಲ, ಬೇಕಿದ್ದರೆ ಹೊರಡುವ ಮೊದಲೇ ಕೊಳ್ಳಬೇಕು. ನಮ್ಮೂರಿನ ಅಂಗಡಿಗಳಲ್ಲಿ ಕೇಳಿದ ಕೂಡಲೇ ಕೊಡುವ ಪ್ರೊಮೆಥಜಿನ್ ಮಾತ್ರೆ 2 ವರ್ಷದೊಳಗಿನ ಮಕ್ಕಳಿಗೆ ಸಲ್ಲದು, ಉಸಿರಾಟವೇ ನಿಧಾನವಾಗುವ ಅಪಾಯವಿದೆ. ಈ ಬಗೆಯ ಮಾತ್ರೆಗಳು ಕೆಲವು ಮಕ್ಕಳಿಗೆ ನಿದ್ದೆ ತರಿಸಿದರೆ ಕೆಲವರನ್ನು ಕುಣಿಯುವಂತೆ ಮಾಡುತ್ತವೆ, ಆದ್ದರಿಂದ ಮೊದಲ ಬಾರಿ ಕೊಡುವುದಿದ್ದರೆ ವೈದ್ಯರನ್ನು ಕೇಳಿ ಮನೆಯಲ್ಲೇ ಒಮ್ಮೆ ನೋಡುವುದು ಮೇಲು. ಯಾವ ಔಷಧವಾದರೂ ವಾಕರಿಕೆ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಎಲ್ಲ ವಾಂತಿಯೂ ಅಲೆಯದಲ್ಲ

ಹಡಗಿನಲ್ಲಿ ವಾಂತಿಗೆ ಇನ್ನೊಂದು ಕಾರಣ ನೊರೊವೈರಸ್. ವಾಂತಿಯ ಜೊತೆ ಭೇದಿ, ಹೊಟ್ಟೆ ನುಲಿತ, ಜ್ವರ ಇದ್ದರೆ ಅದು ಅಲೆಯ ತಪ್ಪಲ್ಲ. ಸಮುದ್ರ ಕಾಯಿಲೆಯಲ್ಲಿ ಭೇದಿಯಾಗುವುದಿಲ್ಲ. ಕ್ಯಾಬಿನ್‌ನಲ್ಲೇ ಕೂರಿಸುತ್ತಾರೆಂಬ ಹೆದರಿಕೆಗೆ ಮುಚ್ಚಿಡುವವರಿದ್ದಾರೆ. ಹಾಗೆ ಮಾಡಬೇಡಿ, ವೈದ್ಯ ವಿಭಾಗಕ್ಕೆ ತಿಳಿಸಿ, ಓ.ಆರ್.ಎಸ್. ಕುಡಿಯುತ್ತಿರಿ. ಕೆಲವೇ ವೈರಾಣುಗಳು ಸಾಕು, ಇನ್ನೊಬ್ಬರಿಗೆ ಅಂಟುತ್ತದೆ.

ಬಾಗಿಲಿಗೊಂದು ಸ್ಯಾನಿಟೈಸರ್ ಬಾಟಲಿ ಇರುವುದರಿಂದ ಜನ ಅದನ್ನೇ ನೆಚ್ಚುತ್ತಾರೆ. ಈ ವೈರಸ್ಸಿನ ಮೇಲೆ ಆಲ್ಕೋಹಾಲ್ ಜೆಲ್ ಅಷ್ಟಾಗಿ ನಡೆಯದು. ಸೋಪು-ನೀರಿನಲ್ಲಿ ತಿಕ್ಕಿ ತೊಳೆಯುವುದೇ ದಾರಿ. ಹಾಗೆಂದು ಹಡಗುಗಳೇ ರೋಗದ ಗೂಡು ಎಂಬುದೂ ಅತಿ. ಅಮೆರಿಕದಲ್ಲಿ ವರದಿಯಾಗುವ ನೊರೊವೈರಸ್ ಹಾವಳಿಗಳಲ್ಲಿ ಹಡಗುಗಳ ಪಾಲು ಸುಮಾರು 1% ಮಾತ್ರ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. 3% ಪ್ರಯಾಣಿಕರಿಗೆ ಅಥವಾ ಸಿಬ್ಬಂದಿಗೆ ಹೊಟ್ಟೆ ಕೆಟ್ಟರೆ ಆ ಹಡಗಿನ ಹೆಸರು ಸಾರ್ವಜನಿಕವಾಗುತ್ತದೆ. ಹೋಟೆಲುಗಳಿಗೆ, ಮದುವೆ ಛತ್ರಗಳಿಗೆ ಇಂಥ ನಿಯಮ ಎಲ್ಲಿದೆ?

ವೈದ್ಯರು, ನರ್ಸ್, ಸಣ್ಣ ಆಸ್ಪತ್ರೆ ಹಡಗಿನಲ್ಲೇ ಇರುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆ ಅಲ್ಲಿ ಆಗುವುದಿಲ್ಲ. "ಏನಾದರೂ ಆದರೆ ಹೆಲಿಕಾಪ್ಟರ್ ಬರುತ್ತದೆ" ಎಂಬ ಮಾತು ದಡದ ಹತ್ತಿರ ಸರಿ. ಅಟ್ಲಾಂಟಿಕ್‌ನ ನಡುಭಾಗ ದಡದ ಹೆಲಿಕಾಪ್ಟರ್‌ಗಳಿಗೆ ಎಟುಕದಷ್ಟು ದೂರ. ಅದಕ್ಕೇ ಹಲವು ಕಂಪನಿಗಳು 24 ವಾರ ತುಂಬಿದ ಗರ್ಭಿಣಿಯರನ್ನು ಹತ್ತಿಸಿಕೊಳ್ಳುವುದಿಲ್ಲ, ಸಾಗರ ದಾಟುವ ಪ್ರಯಾಣಕ್ಕೆ 1 ವರ್ಷ ತುಂಬದ ಕೂಸುಗಳನ್ನೂ ಬಿಡುವುದಿಲ್ಲ. ಅಜ್ಜಿಯ ಮಾತ್ರೆ, ಕಣ್ಣಿನ ಹನಿಗಳನ್ನು ಒಂದು ವಾರ ಹೆಚ್ಚಿಗೆ ಲೆಕ್ಕ ಹಾಕಿ ಕೈಚೀಲದಲ್ಲೇ ಇಡಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಹಡಗಿನ ಬಿಲ್ ಕಟ್ಟುವುದಿಲ್ಲ. ವಿಮೆ ಮಾಡಿಸುವಾಗ ಇರುವ ಕಾಯಿಲೆಗಳನ್ನೆಲ್ಲ ಬರೆಸದಿದ್ದರೆ ಆ ವಿಮೆಯೂ ಉಪಯೋಗಕ್ಕೆ ಬರದು.

ಟೈಟಾನಿಕ್ ಪ್ರಶ್ನೆ

ಇದೇ ದಾರಿ ಆದ್ದರಿಂದ ಯಾರೂ ಕೇಳದೆ ಬಿಡುವುದಿಲ್ಲ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ 2,200ಕ್ಕೂ ಹೆಚ್ಚು ಜನರಿದ್ದ ಹಡಗಿನಲ್ಲಿ ಜೀವದೋಣಿಗಳಿದ್ದದ್ದು 1,178 ಜನರಿಗೆ. ಅಂದಿನ ಕಾನೂನಿಗೆ ಅದೇ ಸಾಕಾಗಿತ್ತು. 1,500ಕ್ಕೂ ಹೆಚ್ಚು ಜನ ಸತ್ತ ಮೇಲೆ 1914ರಲ್ಲಿ ಸಮುದ್ರ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಈಗ ದೂರ ಪ್ರಯಾಣದ ಹಡಗಿನಲ್ಲಿ ದೋಣಿ ಮತ್ತು ತೆಪ್ಪ ಸೇರಿ ಇರುವವರೆಲ್ಲರಿಗಿಂತ ಕಾಲು ಪಾಲು ಹೆಚ್ಚು ಜನರಿಗೆ ಜಾಗ ಇರಲೇಬೇಕು. ಹಿಮಗಡ್ಡೆಗಳ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಗಸ್ತು ಕೂಡ ಆಗಲೇ ಶುರುವಾಯಿತು. ಗಡ್ಡೆಗಳ ಕಾಲ ಬಹುಮಟ್ಟಿಗೆ ಫೆಬ್ರವರಿಯಿಂದ ಜುಲೈ; ಹಡಗುಗಳು ಗಸ್ತಿನವರು ಗುರುತಿಸಿದ ಗಡಿಯ ದಕ್ಷಿಣಕ್ಕೆ ಸರಿದು ಹೋಗುತ್ತವೆ.

2012ರಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾನ್ಕಾರ್ಡಿಯ ಬಂಡೆಗೆ ಬಡಿದು 32 ಜನ ಸತ್ತರು. ಆಗತಾನೇ ಹತ್ತಿದ್ದ ನೂರಾರು ಜನರಿಗೆ ಇನ್ನೂ ಸುರಕ್ಷತಾ ಅಭ್ಯಾಸ ಆಗಿರಲಿಲ್ಲ. ಆಮೇಲೆ ನಿಯಮ ಬದಲಾಗಿ, ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅಭ್ಯಾಸ ಕಡ್ಡಾಯವಾಗಿದೆ. ಫೋಟೋ ತೆಗೆಯುತ್ತಾ ಅದನ್ನು ತಪ್ಪಿಸಿಕೊಳ್ಳಬೇಡಿ. ಮಗುವಿನ ಅಳತೆಯ ಜೀವರಕ್ಷಕ ಜಾಕೆಟ್ ಕ್ಯಾಬಿನ್‌ನಲ್ಲಿದೆಯೇ ಎಂದು ಹತ್ತಿದ ದಿನವೇ ಕೇಳಿ ಪಡೆಯಿರಿ.

ಮಗುವಿಗೆ ಒಂದು ವಿಷಯ ಮೊದಲೇ ಹೇಳಿಡಿ. ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಬೆಚ್ಚಗಿನ ಗಲ್ಫ್ ಪ್ರವಾಹ, ತಣ್ಣನೆಯ ಲ್ಯಾಬ್ರಡಾರ್ ಪ್ರವಾಹ ಎದುರಾಗುವ ಕಡೆ ಬೇಸಿಗೆಯಲ್ಲಿ ದಟ್ಟ ಮಂಜು ಕವಿಯುತ್ತದೆ. ಆಗ ಹಡಗು 2 ನಿಮಿಷ ಮೀರದಂತೆ ಮತ್ತೆ ಮತ್ತೆ ಒಂದು ದೀರ್ಘ ಶಿಳ್ಳೆ ಹಾಕುತ್ತಲೇ ಇರಬೇಕು, ಅದು ನಿಯಮ. ಈ ಹಡಗಿನ ಎರಡು ಶಿಳ್ಳೆಗಳಲ್ಲಿ ಒಂದು 1936ರ ಹಳೆಯ ಕ್ವೀನ್ ಮೇರಿಯದ್ದು, 16 ಕಿ.ಮೀ. ದೂರಕ್ಕೂ ಕೇಳುತ್ತದಂತೆ. ನಡುರಾತ್ರಿ ಅದು ಮೊಳಗಿದರೆ ಹೆದರಬೇಕಿಲ್ಲ. ಅಪಾಯದ ಕರೆ ಬೇರೆ: 7 ಗಿಡ್ಡ ಶಿಳ್ಳೆ, ಆಮೇಲೆ ಒಂದು ಉದ್ದ.

ಉಳಿದ ಎರಡು ಮಾತು

ಸುತ್ತ ನೀರಿದ್ದರೂ ಸಮುದ್ರದ ನೀರು ಕುಡಿಯಲಾಗದು ಏಕೆ ಎಂದು ಮಗಳು ಕೇಳಿದ್ದಾಳಂತೆ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅಷ್ಟು ಗಾಢವಾದ ಮೂತ್ರ ತಯಾರಿಸಲು ನಮ್ಮ ಮೂತ್ರಪಿಂಡಕ್ಕೆ ಆಗದು, ಕುಡಿದ ಉಪ್ಪನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ. ಹಡಗು ಸಮುದ್ರದ ನೀರನ್ನೇ ಆವಿ ಮಾಡಿ, ಉಪ್ಪು ಬಿಡಿಸಿ, ಸ್ನಾನಕ್ಕೂ ಅಡುಗೆಗೂ ಬಳಸುತ್ತದೆ.

ಹಡಗು ವಿಮಾನಕ್ಕಿಂತ ಪರಿಸರಕ್ಕೆ ಒಳ್ಳೆಯದು ಎಂಬುದನ್ನು ಮಾತ್ರ ನಂಬಬೇಡಿ. ಸರಕು ಹಡಗಿಗೆ ಆ ಮಾತು ಸಲ್ಲುತ್ತದೆ. ಇಲ್ಲಿ 80 ಸಾವಿರ ಟನ್ನನ್ನು 2,700 ಪ್ರಯಾಣಿಕರಿಗೆ ಹಂಚಿದರೆ ತಲೆಗೆ ಸುಮಾರು 30 ಟನ್. ದೊಡ್ಡ ವಿಮಾನದಲ್ಲಿ ಅದು ತಲೆಗೆ ಒಂದು ಟನ್‌ಗಿಂತಲೂ ಕಡಿಮೆ. ಈಜುಕೊಳ, ಗ್ರಂಥಾಲಯ, ಅಡುಗೆಮನೆಗಳನ್ನೆಲ್ಲ ಹೊತ್ತುಕೊಂಡು ಸಾಗರ ದಾಟುವುದಕ್ಕೆ ಇಂಧನ ಉರಿಯಲೇಬೇಕು.

ಲಾಭವಿರುವುದು ನಿದ್ದೆಯಲ್ಲಿ. ಪಶ್ಚಿಮಕ್ಕೆ ಹೋಗುವಾಗ 5 ರಾತ್ರಿಗಳಲ್ಲಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ದಿನಕ್ಕೆ 25 ಗಂಟೆ. ನಮ್ಮ ದೇಹದ ಗಡಿಯಾರದ ಸಹಜ ಸುತ್ತು 24 ಗಂಟೆಗಿಂತ ತುಸು ಉದ್ದವೇ ಆದ್ದರಿಂದ ಇದು ಸಲೀಸಾಗಿ ಒಗ್ಗುತ್ತದೆ. ನ್ಯೂಯಾರ್ಕಿನಲ್ಲಿ ಇಳಿದಾಗ ಜೆಟ್ ಲ್ಯಾಗ್ ಇರುವುದಿಲ್ಲ.

ಇಳಿದ ಮೇಲೆ ನೆಲವೇ ತೂಗಿದಂತೆ ಅನ್ನಿಸಬಹುದು, ಸ್ನಾನಕ್ಕೆ ನಿಂತಾಗ, ಹಾಸಿಗೆಯಲ್ಲಿ ಮಲಗಿದಾಗ ಹೆಚ್ಚು. ಅಲೆಗೆ ಒಗ್ಗಿದ ಮಿದುಳು ಮತ್ತೆ ನೆಲಕ್ಕೆ ಒಗ್ಗಿಕೊಳ್ಳುವ ಹೊತ್ತು ಅದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ, ತಿಂಗಳು ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಆ ಒಂದೆರಡು ದಿನ ಅಜ್ಜಿ ಮೆಟ್ಟಿಲು ಇಳಿಯುವಾಗ ಯಾರಾದರೂ ಕೈ ಹಿಡಿದಿರಲಿ, ರಾತ್ರಿ ಬಚ್ಚಲಿನ ದೀಪ ಉರಿಯುತ್ತಿರಲಿ.